ಮೂರನೆಯ ಕಿಟಕಿಯ ಪಾಳಿ

ಸೂರತ್ತಿನ ಹತ್ತಿರದ ಹಜೀರಾದ ಕಂಪನಿ ಕಾಲೊನಿಯಲ್ಲಿ ನಮಗೆ ಸಿಕ್ಕಿದ್ದು ಎರಡು ಕೋಣೆ, ಒಂದು ಅಡುಗೆಮನೆಯ ಕ್ವಾರ್ಟರ್ಸು. ಆ ಎರಡರಲ್ಲಿ ಒಂದನ್ನು ಅಪ್ಪ ಚರ್ಚಿಗೆ ಕೊಟ್ಟುಬಿಟ್ಟಿದ್ದರು. ಚರ್ಚು ಇದ್ದದ್ದು ಹಜೀರಾದಲ್ಲಲ್ಲ. ಎರಡು ರೈಲು, ಒಂದು ಬಸ್ಸು ಹಿಡಿದು ಹೋಗಬೇಕಾದ, ಗದಗದ ಆಚೆಯ ನಮ್ಮ ಹಳ್ಳಿಯಲ್ಲಿ. ಆದರೆ ಅದರ ನಕ್ಷೆ ನಮ್ಮ ಮುಂದಿನ ಕೋಣೆಯಲ್ಲಿ ವಾಸವಾಗಿತ್ತು. ಅಪ್ಪ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಹಗಲೆಲ್ಲ ಮನೆಗಿಂತ ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಬರೆದು, ಸಂಜೆ ಬಂದು ಚಹಾ ಕುಡಿದು, ಮತ್ತೆ ಹಲಗೆಯ ಮುಂದೆ ನಿಲ್ಲುತ್ತಿದ್ದರು. ಕಿಟಕಿಯ ಪಕ್ಕ ಇಳಿಜಾರು ಹಲಗೆ, ಅದರ ಮೇಲೆ ಪಿನ್ನು ಚುಚ್ಚಿದ ಹಾಳೆ, ಗೋಡೆಯುದ್ದಕ್ಕೂ ಸುರುಳಿ ಸುತ್ತಿಟ್ಟ ಹಳೆಯ ಹಾಳೆಗಳು. ಹಾಳೆ ಹಾರುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಸಮುದ್ರದ ಉಪ್ಪುಗಾಳಿಗೆ ಮೈಯೆಲ್ಲ ಅಂಟಂಟಾಗುವ ಏಪ್ರಿಲ್ ತಿಂಗಳಲ್ಲಿ, ಕರೆಂಟಿದ್ದೂ ಫ್ಯಾನು ತಿರುಗದ ಮನೆ ಇಡೀ ಕಾಲೊನಿಯಲ್ಲಿ ನಮ್ಮದೊಂದೇ. ಬಂದ ನೆಂಟರನ್ನು ಅವ್ವ ಒಳಗಿನ ಮಂಚದ ಮೇಲೆ ಕೂರಿಸುತ್ತಿದ್ದಳು. ನಾವು ಮೂವರು ಅಡುಗೆಮನೆಯ ನೆಲದ ಮೇಲೆ, ಗ್ಯಾಸ್ ಸಿಲಿಂಡರಿಗೆ ಬೆನ್ನು ಕೊಟ್ಟು ಉಣ್ಣುತ್ತಿದ್ದೆವು. ಓದಿಕೊಳ್ಳಲು ನನಗೆ ಸಿಕ್ಕಿದ್ದು ಅದೇ ಅಡುಗೆಮನೆಯ ಹೊಸ್ತಿಲು.

ಬೇರೆ ಮಕ್ಕಳು ತಮ್ಮ ಮನೆಯನ್ನು ಬಲ್ಲ ಹಾಗೆ ನಾನು ಆ ಚರ್ಚನ್ನು ಬಲ್ಲೆ. ಲೂಥರನ್ ಪಂಥದ ಜರ್ಮನ್ ಪಾದ್ರಿಯೊಬ್ಬ ನೇಕಾರರ ಆ ಹಳ್ಳಿಗೆ ಬಂದು ಕಟ್ಟಿಸಿದ್ದು. ಎರಡು ಮೊಳ ದಪ್ಪದ ಕಂದು ಕಲ್ಲಿನ ಗೋಡೆ, ಸಾಗವಾನಿ ತೊಲೆ, ಕರಾವಳಿಯಿಂದ ಎತ್ತಿನ ಗಾಡಿಯಲ್ಲಿ ಬಂದ ಕೆಂಪು ಹೆಂಚು. ಮಾಡು ಮಾತ್ರ ವಿಪರೀತ ಕಡಿದು. ಹಿಮ ಬೀಳುವ ದೇಶದವನು ಹಿಮ ಜಾರಲೆಂದು ಕಟ್ಟಿದ್ದಾನೆ, ನಮ್ಮೂರಿನಲ್ಲಿ ಮಳೆ ಬಿದ್ದರೇ ಹೆಚ್ಚು ಎಂದು ಅವ್ವ ಹಂಗಿಸುತ್ತಿದ್ದಳು. ಮುಂದುಗಡೆ ಗಿಡ್ಡ ಗೋಪುರ, ಅದರಲ್ಲೊಂದು ಗಂಟೆ. ಎರಡೂ ಪಕ್ಕ ಐದೈದು ಕಿಟಕಿ, ಮೇಲೆ ಚೂಪು ಕಮಾನು. ಒಳಗೆ ವಿಗ್ರಹವಿಲ್ಲ, ಚಿತ್ರವಿಲ್ಲ. ಒಂದು ಶಿಲುಬೆ, ಒಂದು ಮೇಜು, ಏಳು ಮೆಟ್ಟಿಲು ಹತ್ತಿ ಪ್ರಸಂಗ ಹೇಳುವ ಕಟ್ಟೆ. ಬಲಕ್ಕೆ ಗಂಡಸರು, ಎಡಕ್ಕೆ ಹೆಂಗಸರು. ಅದನ್ನು ಕಟ್ಟಿದ್ದು ಬರಗಾಲದಲ್ಲಂತೆ. ದಿನವಿಡೀ ಕಲ್ಲು ಹೊತ್ತರೆ ಸಂಜೆಗೆ ಒಂದು ಪಾವು ಜೋಳ. ಅಪ್ಪನ ಮುತ್ತಜ್ಜಿ ರೆಬೆಕ್ಕವ್ವ ಎಳೆಯ ವಿಧವೆ, ಕಂಕುಳಲ್ಲಿ ಕೂಸು ಕಟ್ಟಿಕೊಂಡು ಹೆಂಗಸರ ಕಡೆಯ ಮೂರನೆಯ ಕಿಟಕಿಗೆ ಕಲ್ಲು, ಸುಣ್ಣ ಹೊತ್ತಳು. ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದರು. ಹಸಿದವರು ಅದನ್ನು ಕುಡಿದಾರೆಂದು ಆ ಹಂಡೆಗೆ ಒಬ್ಬ ಕಾವಲಿನವನಿದ್ದನಂತೆ. ಈ ಸಂಗತಿಯನ್ನು ಅಪ್ಪ ಅಭಿಮಾನದಿಂದ ಹೇಳುತ್ತಿದ್ದರು. ನನಗೆ ಆಗಲೂ ಅದರಲ್ಲಿ ಅಭಿಮಾನ ಪಡುವಂಥದ್ದು ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ್ದು ಪಾದ್ರಿಯ ಹೆಸರೊಂದೇ.

ರೆಬೆಕ್ಕವ್ವನಿಗೆ ಸಿಕ್ಕಿದ್ದು ಪಾಳಿ. ಕಟ್ಟುವಾಗ ಯಾವ ಮನೆಯವರು ಯಾವ ಕಿಟಕಿಗೆ ದುಡಿದರೋ ಆ ಕಿಟಕಿ ಆ ಮನೆತನದ್ದೆಂದು ಪಾದ್ರಿ ಗೊತ್ತು ಮಾಡಿದ. ಈಸ್ಟರಿಗೆ ಮುಂಚಿನ ವಾರ ಅವರವರ ಕಿಟಕಿಯ ಸುತ್ತ ಅವರವರೇ ಸುಣ್ಣ ಬಳಿಯಬೇಕು. ಕೂಲಿಯವರಿಂದ ಬಳಿಸುವಂತಿಲ್ಲ, ಪಾಳಿ ತಪ್ಪಿಸುವಂತಿಲ್ಲ. ಊರಿನಲ್ಲಿ ನಮ್ಮ ಪಾಳಿಯನ್ನು ಆನಂದಕಾಕಾ, ಅಂದರೆ ಅಪ್ಪನ ಚಿಕ್ಕಪ್ಪ, ನಡೆಸಿಕೊಂಡು ಬರುತ್ತಿದ್ದ. ಅಷ್ಟಕ್ಕೆ ಅಪ್ಪನ ಮನಸ್ಸು ತಣಿಯಲಿಲ್ಲ. ಆ ವಾರ ಬಂದರೆ ಸೂರತ್ತಿನ ಪೇಟೆಯಿಂದ ಸುಣ್ಣದ ಕಲ್ಲು ತಂದು, ಬಕೀಟಿನಲ್ಲಿ ಅರಳಿಸಿ, ನಮ್ಮ ಕ್ವಾರ್ಟರ್ಸಿನ ಮುಂದಿನ ಕಿಟಕಿಗೆ ಬಳಿದುಬಿಡುತ್ತಿದ್ದರು. ಹಳದಿ ಡಿಸ್ಟೆಂಪರಿನ ಗೋಡೆಯಲ್ಲಿ ಒಂದೇ ಒಂದು ಕಿಟಕಿ ಬಿಳಿ. ಗೋಡೆ ಕಂಪನಿಯದೆಂದು ನೆನಪಿಸಲು ಕಾಲೊನಿಯ ಸೂಪರ್‌ವೈಸರ್ ಪ್ರತಿ ವರ್ಷ ತಪ್ಪದೆ ಬರುತ್ತಿದ್ದ.

“ಸಾಹೇಬ್, ಯೇ ಕಂಪನೀ ಕೀ ದೀವಾರ್ ಹೈ.”

“ಚೂನಾ ಹೀ ತೋ ಹೈ ಭಾಯ್, ಜಹರ್ ಥೋಡೀ ಹೈ,” ಸುಣ್ಣ ತಾನೆ, ವಿಷವೇನಲ್ಲವಲ್ಲ, ಎಂದು ಅಪ್ಪ ಬಳಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದರು.

ಅವನು ಹೋದ ಮೇಲೆ ಅವ್ವನ ಸರದಿ.

“ಊರಾಗಿನ ಕಿಡಕಿಗೆ ಕಾಕಾ ಬಳೀತಾರಲ್ಲರಿ. ಇಲ್ಲ್ಯಾಕ? ಡಿಸ್ಟೆಂಪರ್ ಮ್ಯಾಲೆ ಸುಣ್ಣ ನಿಲ್ಲೂದಿಲ್ಲ. ಎರಡ ತಿಂಗಳಿಗೆ ಉದರಿ ಹುಡುಗಿ ಪುಸ್ತಕದಾಗ ಬೀಳ್ತೈತಿ.”

“ಪಾಳಿ ತಪ್ಪಸಬಾರದು.”

ಅಪ್ಪನ ಎಲ್ಲ ಜಗಳಗಳೂ ಇಂಥ ಎರಡು ಮಾತಿಗೆ ಮುಗಿಯುತ್ತಿದ್ದವು. ದನಿ ಏರಿಸಿದವರಲ್ಲ, ಕೈ ಎತ್ತಿದವರಲ್ಲ. ಅದರಿಂದಾಗಿ ಹೊರಗಿನವರ ಕಣ್ಣಿಗೆ ನಮ್ಮ ಮನೆ ಬಹಳ ಸಮಾಧಾನದ ಮನೆ. ಸಂಜೆ ಏಳಕ್ಕೆ ಪ್ರಾರ್ಥನೆ: ಒಂದು ಕೀರ್ತನೆ, ಸತ್ಯವೇದದ ಒಂದು ಅಧ್ಯಾಯ, ಕರ್ತನ ಪ್ರಾರ್ಥನೆ. ಪಕ್ಕದ ಮನೆಯ ಹಂಸಾಬೆನ್ ಅಷ್ಟು ಹೊತ್ತಿಗೆ ಸರಿಯಾಗಿ ಟೀವಿಯ ದನಿ ಹೆಚ್ಚಿಸುತ್ತಿದ್ದಳು. ಭಾನುವಾರ ಅವ್ವ ಕುರಿಮಾಂಸ ಬೇಯಿಸುವಾಗ ಆ ಹಂಸಾಬೆನ್ ಮೂಗು ಮುಚ್ಚಬಾರದೆಂದು ಬಾಗಿಲು, ಕಿಟಕಿ ಎಲ್ಲ ಬಂದ್. ಫ್ಯಾನಂತೂ ಮೊದಲೇ ಇಲ್ಲ. ಒಳಗಿನ ಹಬೆಯಲ್ಲಿ ಮೂವರೂ ಬೆವರುತ್ತ, ಎಲುಬು ಕಡಿದ ಸದ್ದೂ ಕೇಳದ ಹಾಗೆ ಉಣ್ಣುತ್ತಿದ್ದೆವು. ಶಾಲೆಯಲ್ಲಿ ನನ್ನದು ಇಂಗ್ಲಿಷು, ಆಟದ ಬಯಲಿನಲ್ಲಿ ಹಿಂದಿ, ಗುಜರಾತಿ. ನನಗೆ ಓದಲು ಬರುತ್ತಿದ್ದ ಕನ್ನಡವೆಂದರೆ ಸತ್ಯವೇದದ ಕನ್ನಡ. ಊರಿಗೆ ಹೋದಾಗ ಬಾಯಿ ತೆರೆದರೆ ಅದೇ ಬರುತ್ತಿತ್ತು, ಅಲ್ಲಿಯ ಹುಡುಗಿಯರು ಪಾದ್ರಿಯನ್ನು ಕಂಡವರ ಹಾಗೆ “ಅಯ್ನೋರು ಬಂದ್ರು, ಏಳ್ರೇ” ಎಂದು ಬಿದ್ದು ಬಿದ್ದು ನಗುತ್ತಿದ್ದರು.

ಊರಿಗೆ ಹೋಗುತ್ತಿದ್ದದ್ದು ಮೇ ತಿಂಗಳಲ್ಲಿ, ಅಳೆಯಲು. ಅಪ್ಪ ತಮ್ಮ ವರ್ಷದ ರಜೆಯನ್ನೆಲ್ಲ ಅದಕ್ಕೆ ಕೂಡಿಡುತ್ತಿದ್ದರು. ಇಡೀ ಚರ್ಚನ್ನು ಕಲ್ಲು ಕಲ್ಲಾಗಿ ಹಾಳೆಗಿಳಿಸಬೇಕು, ನಾಳೆ ಕಟ್ಟಡ ಬಿದ್ದರೂ ಅದನ್ನು ನೋಡಿ ಮತ್ತೆ ಹಾಗೆಯೇ ಎಬ್ಬಿಸುವಂತಿರಬೇಕು ಎನ್ನುವುದು ಅವರ ಹಟ. ನನಗೆ ಏಳು ತುಂಬಿದ ವರ್ಷ ಶುರುವಾದದ್ದು ಆರು ಬೇಸಿಗೆ ನಡೆಯಿತು. ಟೇಪಿನ ತುದಿ ಹಿಡಿಯುವುದು ನನ್ನ ಕೆಲಸ. “ಝೀರೋ ಹಿಡಿ ಕೃಪಾ,” ಎನ್ನುವರು; ನಾನು ಗೋಡೆಯ ಮೂಲೆಗೆ ತುದಿಯನ್ನು ಒತ್ತಿ ಹಿಡಿದು ನಿಲ್ಲುವೆ. ಸ್ವಲ್ಪ ದೊಡ್ಡವಳಾದ ಮೇಲೆ ಅಳತೆ ಓದಿ ಹೇಳುವ ಬಡ್ತಿಯೂ ಸಿಕ್ಕಿತು. ಅವ್ವನ ತವರು ಹುಬ್ಬಳ್ಳಿ. ಬಸ್ಸಿನಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವಷ್ಟು ಹತ್ತಿರ. ಆದರೆ ಅಳೆಯುವ ಅಪ್ಪನಿಗೆ ಬುತ್ತಿ ಕಟ್ಟುವವರು, ನನ್ನ ತಲೆಗೆ ಬಿಸಿಲು ಹತ್ತದಂತೆ ನೋಡಿಕೊಳ್ಳುವವರು ಬೇಕಲ್ಲ. ಅವಳಿಗೆ ತವರಿನಲ್ಲಿ ಎರಡೇ ದಿನ. ಐದನೆಯ ಬೇಸಿಗೆಯಲ್ಲಿ ಆದ ಮಾತು ನನಗೆ ಅಕ್ಷರಕ್ಷರ ನೆನಪಿದೆ.

“ಈ ಸಲಾನೂ ನಮ್ಮವ್ವಗ ಎರಡ ದಿನಾನರಿ?”

“ಚರ್ಚು ಅಳದು ಮುಗೀಲಿ.”

“ಚರ್ಚ್ ಏನ್ ಓಡಿ ಹೊಕ್ಕೈತೇನ್ರಿ? ನಮ್ಮವ್ವ ಹೋಗ್ತಾಳ.”

ಅಜ್ಜಿ ಆ ವರ್ಷದ ಕ್ರಿಸ್‌ಮಸ್ಸಿಗೆ ಮುಂಚೆಯೇ ಹೋದಳು. ಸೂರತ್ತಿನಿಂದ ನಾವು ಮುಟ್ಟುವುದರೊಳಗೆ ಮಣ್ಣೂ ಆಗಿತ್ತು. ಅವ್ವ ಅಪ್ಪನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಮನೆಗೆ ಒಳ್ಳೆಯದಾಗುತ್ತಿತ್ತು.

ಆರನೆಯ ಬೇಸಿಗೆಗೆ ಉಳಿದದ್ದು ಮೂರನೆಯ ಕಿಟಕಿ. ನಮ್ಮದೇ ಕಿಟಕಿಯನ್ನು ಅಪ್ಪ ಕೊನೆಗೆ, ಊಟದ ಕೊನೆಗೆ ಸಿಹಿ ಇಟ್ಟುಕೊಂಡ ಹಾಗೆ, ಉಳಿಸಿಕೊಂಡಿದ್ದರು. ಕಮಾನಿನ ಕಲ್ಲುಗಳ ಜೋಡಣೆ ಕಾಣಲಿ ಎಂದು ಕರಣೆಯಿಂದ ಸುಣ್ಣ ಕೆರೆಯತೊಡಗಿದರು. ತಲೆಮಾರುಗಳ ಸುಣ್ಣ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿತ್ತು. ಅದರಡಿ ಬಿರುಕೊಂದು ಬಾಯಿ ತೆರೆದಿತ್ತು. ಕಿಟಕಿಯ ಕೆಳಗಿನಿಂದ ನೆಲದವರೆಗೆ, ನನ್ನ ಬೆರಳು ಹೋಗುವಷ್ಟು ಅಗಲ. ನಮ್ಮ ಮನೆಯವರು ವರ್ಷ ವರ್ಷ ಭಕ್ತಿಯಿಂದ ಬಳಿದು ಮುಚ್ಚಿಟ್ಟದ್ದು ಅದನ್ನೇ. ಆನಂದಕಾಕಾ ಆಗ ಚರ್ಚಿನ ಸಭೆಯ ಕಮಿಟಿಗೆ ಅಧ್ಯಕ್ಷ. ಪಂಚೆ ಎತ್ತಿ ಕಟ್ಟಿಕೊಂಡು ಬಗ್ಗಿ ನೋಡಿದ.

“ಮುಚ್ಚಿಬಿಡು ತಮ್ಮಾ. ಈಸ್ಟರ್ ಬಂದ್ರ ಮತ್ತ ಬಳಿಯೂದ ಐತಲ್ಲ.”

“ಇದ್ದದ್ದು ಬರೀಬೇಕಲ್ಲ ಕಾಕಾ.”

ಗೋಡೆ ಹೊರಕ್ಕೆ ಎಷ್ಟು ವಾಲಿದೆ ನೋಡಬೇಕೆಂದು ಅಪ್ಪ ಹೊರಗಡೆ ಏಣಿ ಹಾಕಿ ಹತ್ತಿದರು. ಮೇಲಿನಿಂದ ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು ಇಳಿಬಿಟ್ಟರು. ಗೋಡೆ ನೆಟ್ಟಗಿದ್ದರೆ ದಾರ ಕೆಳತನಕ ಅದನ್ನು ಸವರಿಕೊಂಡೇ ಇರುತ್ತದೆ; ವಾಲಿದ್ದರೆ ಬುಡದಲ್ಲಿ ದಾರಕ್ಕೂ ಗೋಡೆಗೂ ನಡುವೆ ಸಂದು. ಆ ಸಂದನ್ನು ಕೆಳಗೆ ಕೂತು ಅಳೆದು ಹೇಳುವವಳು ನಾನು. ಬೆಳಗಿನಿಂದ ನಿಂತು ನಿಂತು ಕಾಲು ಸೋತಿದ್ದವು, ಕಲ್ಲು ಕೆಂಡವಾಗಿತ್ತು. ಆಚೆ ಬೇವಿನ ಮರದ ಕೆಳಗೆ ಅದೇ ನಗುವ ಹುಡುಗಿಯರು ಐಸ್‌ಕ್ಯಾಂಡಿ ಚೀಪುತ್ತ, ಎಂದೂ ಇಲ್ಲದೆ ಅವತ್ತು ನನ್ನನ್ನು ಕೈಬೀಸಿ ಕರೆಯುತ್ತಿದ್ದರು.

“ಎಷ್ಟೈತಿ?”

“ಎರಡೂವರೆ ಇಂಚು,” ಎಂದೆ. ನಾನು ಬಗ್ಗಿರಲೂ ಇಲ್ಲ.

“ನೋಡಿ ಹೇಳಿದ್ಯಾ?”

“ನೋಡಿದೆ.”

ಅಪ್ಪ ಜೇಬಿನಿಂದ ನೋಟ್‌ಬುಕ್ಕು ತೆಗೆದು ಬರೆದುಕೊಂಡರು. ನಾನು ಬೇವಿನ ಮರಕ್ಕೆ ಓಡಿದೆ.

ಹಜೀರಾಕ್ಕೆ ಮರಳಿದ ಮೇಲೆ ಅಪ್ಪ ಇಡೀ ವರ್ಷ ಕೂತು ಕೊನೆಯ ಹಾಳೆಗಳನ್ನು ಮುಗಿಸಿದರು. ಅಂಥ ಕೆಲಸವನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ, ಈ ಮಾತನ್ನು ಕಹಿಯನ್ನು ಪಕ್ಕಕ್ಕಿಟ್ಟು ಹೇಳಬೇಕು. ಒಂದೊಂದು ಹೆಂಚಿನ ಅಂಚು, ಒಂದೊಂದು ಬಿರುಕು, ಗೆದ್ದಲು ಹಿಡಿದ ತೊಲೆಯ ತುದಿ, ಎಲ್ಲ ಇತ್ತು. ಒಂದು ಮೂಲೆಯನ್ನು ಬಿಟ್ಟು ನಾನೂ ಎಲ್ಲ ನೋಡಿದೆ. ಮೂರನೆಯ ಕಿಟಕಿಯ ಕಡೆ ಕಣ್ಣು ಹಾಯಿಸುವ ಧೈರ್ಯ ನನಗೆ ಬರಲಿಲ್ಲ. ನನ್ನ ಲೆಕ್ಕದಲ್ಲಿ ಗೋಡೆ ನೆಟ್ಟಗೇ ಇತ್ತು, ಇಲ್ಲದ ಎರಡೂವರೆ ಇಂಚನ್ನು ನಾನು ಅದಕ್ಕೆ ಅಂಟಿಸಿದ್ದೆ. ಅಷ್ಟರಲ್ಲಿ ಆನಂದಕಾಕಾನ ಕಾಗದ ಬಂತು. ಚರ್ಚಿನ ಜ್ಯುಬಿಲಿಗೆ ಸ್ಮರಣ ಸಂಚಿಕೆ ತರುತ್ತಾರಂತೆ, ಅದರಲ್ಲಿ ಅಪ್ಪನ ನಕ್ಷೆ ಅಚ್ಚಾಗಬೇಕಂತೆ, ಮೂಲ ಹಾಳೆಗಳನ್ನೇ ಕಳಿಸಬೇಕಂತೆ. ಅಪ್ಪ ಆ ಕಾಗದವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದರು.

“ನಕಲು ಮಾಡಿಸಿ ಕಳಸ್ರಿ,” ಎಂದಳು ಅವ್ವ. “ಕಾಕಾ ಅಷ್ಟ ಸವಿ ಬರದಾರಂದ್ರ ಏನೋ ಐತಿ.”

“ದೇವರ ಕೆಲಸದಾಗ ಸಂಶೇ ಪಡಬಾರದು.”

ಹಾಳೆಗಳು ತಗಡಿನ ಕೊಳವೆಯಲ್ಲಿ ಹೋದವು. ಸಂಚಿಕೆ ಬರಲಿಲ್ಲ. ಕೆಲವು ತಿಂಗಳಿಗೆ ಬಂದದ್ದು ಇನ್ನೊಂದು ಕಾಗದ. ಹಳೆಯ ಚರ್ಚು ಚಿಕ್ಕದು, ಕಾರ್ಯಕ್ಕೆ ಕಟ್ಟಳೆಗೆ ಸಾಲದು, ಕೆಡವಿ ಆರ್‌ಸಿಸಿಯಲ್ಲಿ ದೊಡ್ಡದು ಕಟ್ಟಬೇಕೆಂದು ಕಮಿಟಿಗೆ ಬಹಳ ದಿನಗಳ ಆಸೆಯಂತೆ. ಕಟ್ಟಡ ಅಪಾಯದಲ್ಲಿದೆ ಎಂದು ತೋರಿಸದೆ ಮೇಲಿನವರು ಒಪ್ಪುತ್ತಿರಲಿಲ್ಲವಂತೆ. “ತಮ್ಮ ನಕ್ಷೆಯಲ್ಲಿ ಬಿರುಕುಗಳನ್ನೂ ಗೋಡೆ ವಾಲಿದ ಅಳತೆಯನ್ನೂ ನೋಡಿ ಎಂಜಿನಿಯರರು ಕಟ್ಟಡ ಅಪಾಯಕರ, ಸ್ಥಳಕ್ಕೆ ಬರುವ ಅಗತ್ಯವೂ ಇಲ್ಲವೆಂದು ಬರೆದುಕೊಟ್ಟಿದ್ದಾರೆ. ತಮ್ಮ ಉಪಕಾರವನ್ನು ಸಭೆ ಮರೆಯದು,” ಎಂದು ಕಾಕಾ ಮುಗಿಸಿದ್ದ. ಅಪ್ಪ ಅವತ್ತೇ ಸಿಕ್ಕ ಗಾಡಿ ಹತ್ತಿ ಒಬ್ಬರೇ ಹೋದರು. ಹೆಂಚು, ತೊಲೆ ಇಳಿದಾಗಿತ್ತು. ಐದನೆಯ ದಿನ ಮರಳಿ ಬಂದು, ಕೈಕಾಲು ತೊಳೆದು, ಅಡುಗೆಮನೆಯಲ್ಲಿ ಕೂತು ಒಂದೇ ಮಾತು ಹೇಳಿದರು.

“ಕಲ್ಲೆಲ್ಲಾ ಹೊಸಾದರ ಬುನಾದಿಗೆ ತುಂಬಾಕತ್ತಾರ.”

ಹೊಸ ಚರ್ಚಿನ ಪ್ರತಿಷ್ಠೆಗೆ ನಾವು ಮೂವರೂ ಹೋದೆವು. ಕಾಕಾ ಮುಂದಿನ ಸಾಲಿನಲ್ಲಿ ಕೂರಿಸಿದ. ಗಾಜು, ಹೊಳೆಯುವ ಟೈಲ್ಸು, ಅಲ್ಯೂಮಿನಿಯಂ ಸರಿಯುವ ಕಿಟಕಿಗಳು. ಅವಕ್ಕೆ ಸುಣ್ಣ ಬಳಿಯುವ ಪ್ರಶ್ನೆಯೇ ಇಲ್ಲ. ಬಾಗಿಲ ಪಕ್ಕ ಕರಿ ಗ್ರಾನೈಟಿನ ಫಲಕದಲ್ಲಿ ಕಮಿಟಿಯವರ ಹೆಸರು, ದಾನಿಗಳ ಹೆಸರು, ಕೆಳಗೆ “ನಕ್ಷೆ ಒದಗಿಸಿ ಸಹಕರಿಸಿದವರು” ಎಂದು ಅಪ್ಪನ ಹೆಸರು. ಕಟ್ಟಿದ್ದಕ್ಕೆ ರೆಬೆಕ್ಕವ್ವನ ಹೆಸರು ಎಲ್ಲಿಯೂ ಬರಲಿಲ್ಲ, ಕೆಡವಿದ್ದಕ್ಕೆ ಅವಳ ಮರಿಮಗನ ಹೆಸರು ಚಿನ್ನದ ಅಕ್ಷರದಲ್ಲಿ ಬಂತು. ಅವ್ವ ಅದನ್ನು ಓದಿ ಗಟ್ಟಿಯಾಗಿ ನಕ್ಕಳು. ಜನ ತಿರುಗಿ ನೋಡಿದರು. ಅಪ್ಪ ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದರು.

ಹಜೀರಾಕ್ಕೆ ಬಂದ ಮರುವಾರ ಹಲಗೆಯನ್ನು ಆಫೀಸಿನ ಯಾವನೋ ಹೊಸಬನಿಗೆ ಕೊಟ್ಟುಬಿಟ್ಟರು. ಅದು ಹೊರಗೆ ಹೋಗುತ್ತಲೇ ಅವ್ವ ಮುಂದಿನ ಕೋಣೆಯ ಫ್ಯಾನನ್ನು ಐದಕ್ಕೆ ತಿರುಗಿಸಿ ಅದರ ಕೆಳಗೆ ಕಾಲು ಚಾಚಿ ಕೂತಳು. ನನಗೊಂದು ಮೇಜು ಬಂತು. ಆ ಮೇಜಿನಲ್ಲಿ ಓದಿ ನಾನು ಎಂಜಿನಿಯರಾದೆ. ಚರ್ಚು ಬಿದ್ದದ್ದು ನನ್ನ ಸುಳ್ಳಿನಿಂದ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ, ಅದನ್ನು ಯಾರಿಗೂ ಹೇಳಲಿಲ್ಲ. ಸೂರತ್ತಿನಿಂದ ಉತ್ತರಕ್ಕಿರುವ ನರೋಡಾದ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ನೋಡುವ ಕೆಲಸ ನನ್ನದು. ಬೇರೆಯವರು ಬರೆದ ಯಾವ ಅಳತೆಗೂ ನಾನು ಸಹಿ ಹಾಕುವುದಿಲ್ಲ, ಗೇಜು ಕಸಿದುಕೊಂಡು ಮತ್ತೆ ನೋಡುತ್ತೇನೆ. ಬೆನ್ನ ಹಿಂದೆ ‘ಶಕ್ಕೀ ಮೇಡಮ್’, ಸಂಶಯದ ಮೇಡಮ್, ಎನ್ನುತ್ತಾರೆ. ಮನೆಯಲ್ಲಿಯೂ ಹಾಗೇ ಇದ್ದೆ, ಗಂಡನೆಂಬವನು ನಾಲ್ಕು ವರ್ಷ ಸಹಿಸಿಕೊಂಡು ಹೊರಟುಹೋದ. ಎಲ್ಲಕ್ಕೂ ಆ ಬೇವಿನ ಮರವೇ ಕಾರಣವೆಂದು ನಾನು ಒಪ್ಪಿಕೊಂಡಿದ್ದೆ.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನ ನರೋಡಾದ ಫ್ಲ್ಯಾಟಿಗೆ ಬಂದರು. ಚರ್ಚು ಬಿದ್ದ ಮೇಲೂ ಹಜೀರಾದಲ್ಲಿ ಬಿಡದ ಪಾಳಿಯನ್ನು ಇಲ್ಲಿಯೂ ಬಿಡಲಿಲ್ಲ. ಈಗ ಕೈ ನಡುಗುತ್ತದೆ, ಅದಕ್ಕೆ ಬಳಿಯುವವಳು ನಾನು, ಕುರ್ಚಿಯಲ್ಲಿ ಕೂತು ಹೇಳುವವರು ಅವರು. ಕಳೆದ ಈಸ್ಟರಿನ ವಾರ, ಬೆಳಗ್ಗೆ ತಿಂಡಿಯಾದ ಮೇಲೆ ಸುಣ್ಣದ ಡಬ್ಬಿ ತೆರೆದು ಕುಂಚ ಅದ್ದಿದವಳಿಗೆ ತಡೆಯಲಾಗಲಿಲ್ಲ.

“ಅಪ್ಪಾ, ಮೂರನೇ ಕಿಡಕಿ ಅಳಿಯೂ ದಿನ ನಾ ನೋಡಲಾರದ ಹೇಳಿದ್ದೆ.”

“ಗೊತ್ತೈತಿ.”

ಅವರು ಎದ್ದು ಹೋಗಿ ಟ್ರಂಕು ತೆರೆದು ಆ ಹಳೆಯ ನೋಟ್‌ಬುಕ್ಕು ತಂದು ನನ್ನ ಕೈಗಿಟ್ಟರು. ಪ್ರತಿ ಪುಟದಲ್ಲೂ ಮೇಲಿಂದ ಕೆಳಗೆ ಎರಡು ಸಾಲು. ಒಂದರ ತಲೆಯ ಮೇಲೆ ‘ಕೃ’, ನಾನು ಓದಿ ಹೇಳಿದ ಅಳತೆಗಳು. ಅಷ್ಟಕ್ಕೂ ಗೆರೆ ಎಳೆದು ಹೊಡೆದುಹಾಕಿದ್ದರು. ಪಕ್ಕದಲ್ಲಿ ಅವರದು. ಮೂರನೆಯ ಕಿಟಕಿಯ ಎದುರು ನನ್ನ ಎರಡೂವರೆ ಹೊಡೆದಿತ್ತು. ಅವರು ಬರೆದದ್ದು ನಾಲ್ಕೂಕಾಲು.

“ಮರುದಿನ ಮುಂಜಾನೆ ಗಂಟಿ ಹೊಡಿಯೂ ಯಾಕೋಬನ್ನ ಕರಕೊಂಡು ಮತ್ತ ಅಳದೆ. ನೀ ಹೇಳಿದ್ದೆಲ್ಲಾ ಹಂಗ ಮತ್ತ ಅಳೀತಿದ್ದೆ.”

“ಎಲ್ಲಾನೂ?”

“ಎಲ್ಲಾ. ಸಣ್ಣ ಹುಡುಗಿ ಮಾತಿನ ಮ್ಯಾಲೆ ನಕ್ಷೆ ತಗೀಲಿಕ್ಕೆ ಬರ್ತೈತೇನು?”

ನನ್ನ ಕೈಯಲ್ಲಿದ್ದ ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು. ಗೋಡೆ ನಿಜವಾಗಿಯೂ ವಾಲಿತ್ತು, ನಾನು ಹೇಳಿದ್ದಕ್ಕಿಂತ ಹೆಚ್ಚು ವಾಲಿತ್ತು. ನಕ್ಷೆಯಲ್ಲಿ ನನ್ನ ಸುಳ್ಳನ್ನೇ ಬರೆದಿದ್ದರೆ ಆ ಎಂಜಿನಿಯರು ಕನಿಷ್ಠ ಊರತನಕ ಬಂದು ನೋಡುತ್ತಿದ್ದನೋ ಏನೋ. ಕೆಡವಿದ್ದು ಅಪ್ಪನ ಸತ್ಯ. ಅದು ಅವರಿಗೆ ಇಷ್ಟು ವರ್ಷವೂ ಗೊತ್ತಿತ್ತು. ನನ್ನದು ತಪ್ಪಲ್ಲವೆಂದು ತಿಳಿದರೆ ಹಗುರಾಗಬೇಕಿತ್ತು, ಆಗಲಿಲ್ಲ; ಸಿಟ್ಟು ನೆತ್ತಿಗೇರಿತು.

“ಹಂಗಿದ್ರ ಆರು ವರ್ಷ ನನ್ನ, ಅವ್ವನ್ನ ಆ ಬಿಸಿಲಾಗ ಯಾಕ ನಿಲ್ಸಿದ್ರಿ?”

ಅಪ್ಪನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. ಕನ್ನಡಕ ತೆಗೆದು ಒರೆಸಿಕೊಂಡರು.

“ನಮ್ಮ ಪಾಳಿ ಅಲ್ಲೇನವಾ? ಮನ್ಯಾರು ನಿಂದ್ರಬೇಕಲ್ಲ.”

ನನಗೆ ಅಳು ಬಂತು. ಅವರಿಗಾಗಿ ಅಲ್ಲ, ಆ ಚರ್ಚಿಗಾಗಿ ಅಲ್ಲ. ಹುಬ್ಬಳ್ಳಿಯ ಬಸ್ಸನ್ನು ನೋಡುತ್ತ ಬುತ್ತಿ ಕಟ್ಟಿದ ಅವ್ವನಿಗಾಗಿ. ಡಬ್ಬಿಯ ಬಾಯಿಗೆ ಕುಂಚ ಒರೆಸಿದೆ, ಮುಚ್ಚಳ ಒತ್ತಿದೆ, ಬಾಲ್ಕನಿಯ ಮೂಲೆಗೆ ಇಟ್ಟು ಬಂದೆ. ಅಪ್ಪ ಕಿಟಕಿಯನ್ನೂ ನನ್ನನ್ನೂ ನೋಡಿದರು. ಫ್ಯಾನಿನ ಗುಂಡಿ ಒತ್ತಿ ಅವರೆದುರು ಕೂತೆ. ರೆಬೆಕ್ಕವ್ವನಿಂದೀಚೆಗೆ ನಮ್ಮ ಮನೆಯ ಪಾಳಿ ತಪ್ಪಿದ್ದು ಅದೇ ಮೊದಲು.